ಬದುಕೋದು ಬೇರೆ, ಬೆಳೆಯೋದು ಬೇರೆ: ಆನೆಹುಲ್ಲಿನ ಸಂದರ್ಶನ

ಶಿರಾ ಸೀಮೆಯ ಒಂದು ತೋಟ. ಬೋರ್‌ವೆಲ್ ಪಕ್ಕದ ಹತ್ತು ಗುಂಟೆಯಲ್ಲಿ ಆಳೆತ್ತರ ಮೀರಿ ನಿಂತಿದೆ ನೇಪಿಯರ್, ಊರವರ ಬಾಯಲ್ಲಿ ಆನೆಹುಲ್ಲು. ನಿನ್ನೆಯವರೆಗೆ ಅದು ಎರಡು ಎಚ್ಚೆಫ್ ಹಸುಗಳ ಮೇವು. ಇವತ್ತು ‘ಹಸಿರು ಇಂಧನದ ಕಚ್ಚಾವಸ್ತು’. ಬಡ್ತಿಯ ಆದೇಶ ಬಂದದ್ದು ಬಣ್ಣದ ಕರಪತ್ರದ ರೂಪದಲ್ಲಿ: ‘ಕಡಿಮೆ ನೀರು, ಕಡಿಮೆ ಗೊಬ್ಬರ, ಬಂಜರು ನೆಲ, ಎಕರೆಗೆ ವರ್ಷಕ್ಕೆ 150 ಟನ್!’ ಆ ಕರಪತ್ರ ಹಿಡಿದು ಬದುವಿನ ಮೇಲೆ ಕೂತೆ. ಗಾಳಿ ಬೀಸಿದಾಗಲೆಲ್ಲ ಉತ್ತರ ಬಂತು.

ಪ್ರಶ್ನೆ: ಮೇವಿನಿಂದ ಇಂಧನಕ್ಕೆ ಬಡ್ತಿ. ಅಭಿನಂದನೆಗಳು. ಹೇಗನ್ನಿಸುತ್ತಿದೆ?

ಆನೆಹುಲ್ಲು: ನನಗೇನೂ ವ್ಯತ್ಯಾಸ ಇಲ್ಲ ಸ್ವಾಮಿ. ಮೊದಲು ಹಸು ತಿಂತಿತ್ತು, ಇನ್ನು ಟ್ಯಾಂಕು ತಿನ್ನುತ್ತೆ. ಎರಡರ ಹೊಟ್ಟೆಯಲ್ಲೂ ನಡೆಯೋದು ಒಂದೇ. ಗಾಳಿಯಾಡದ ಕತ್ತಲಲ್ಲಿ ಸೂಕ್ಷ್ಮಜೀವಿಗಳು ನನ್ನನ್ನ ಕೊಳೆಸಿ ಮೀಥೇನ್ ಮಾಡ್ತವೆ. ಹಸು ಅದನ್ನ ತೇಗಿಬಿಡುತ್ತೆ, ಕಾರ್ಖಾನೆ ಸಿಲಿಂಡರಿಗೆ ತುಂಬುತ್ತೆ. ಹಸು ಜೊತೆಗೆ ಹಾಲನ್ನೂ ಕೊಡುತ್ತೆ ಅನ್ನೋದಕ್ಕೆ ಕರಪತ್ರದಲ್ಲಿ ಜಾಗ ಸಾಲಲಿಲ್ಲ ಅಂತ ಕಾಣುತ್ತೆ.

ಪ್ರಶ್ನೆ: ನಿಮ್ಮ ಕುಲಗೋತ್ರ?

ಆನೆಹುಲ್ಲು: ಅಪ್ಪನ ಕಡೆಯವರು ಆಫ್ರಿಕಾದವರು, ಆನೆ ಮೇಯ್ದ ಹುಲ್ಲು. ‘ನೇಪಿಯರ್’ ಅನ್ನೋದು ಒಬ್ಬ ಕರ್ನಲ್ ಹೆಸರು. 1909ರ ಸುಮಾರಿಗೆ ರೊಡೇಷಿಯಾದ ಕೃಷಿ ಇಲಾಖೆಗೆ ನಮ್ಮ ಶಿಫಾರಸು ಮಾಡಿದ್ನಂತೆ. ಸಾವಿರಾರು ವರ್ಷ ತಿಂದಿದ್ದು ಆನೆ, ಹೆಸರು ಬಂದಿದ್ದು ಶಿಫಾರಸು ಮಾಡಿದವನಿಗೆ. ನಿಮ್ಮಲ್ಲೂ ಹಾಗೇ ಅಲ್ವಾ? ಅಮ್ಮ ಸಜ್ಜೆ. ಈ ಮದುವೆ ಮಾಡಿಸಿದವರಲ್ಲಿ ಕೊಯಮತ್ತೂರಿನವರು ಮೊದಲಿಗರು. ಹುಟ್ಟಿದ ನನಗೆ ಮೊಳೆಯೋ ಬೀಜ ಇಲ್ಲ, ಕಡ್ಡಿ ಮುರಿದು ನೆಟ್ಟರೆ ಬರ್ತೀನಿ. ಪಕ್ಕದ ಮನೆಯವರು ಒಂದು ಹೊರೆ ಪುಕ್ಕಟೆ ಕೊಟ್ಟರೆ ಹೊಲ ತುಂಬುತ್ತೆ. ಅದಕ್ಕೇ ಪೇಟೆಯವರು ಅದೇ ಕಡ್ಡಿಗೆ ‘ಸೂಪರ್’ ಅಂತ ಹೆಸರಿಟ್ಟು, ಕಣ್ಣಿಗೆ ಇಷ್ಟು ಅಂತ ಎಣಿಸಿ ಮಾರ್ತಾರೆ.

ಪ್ರಶ್ನೆ: ‘ಕಡಿಮೆ ನೀರು’ ಎಂಬ ಮಾತು ನಿಜ ತಾನೇ?

ಆನೆಹುಲ್ಲು: ಸುಳ್ಳಲ್ಲ. ರಾಗಿ, ಜೋಳ, ಕಬ್ಬು, ನಾನು ಎಲ್ಲ ಸಿ4 ಅನ್ನೋ ಒಂದೇ ಪಂಗಡ. ಬಿಸಿಲಲ್ಲಿ ಬಾಯಿ ಹೆಚ್ಚು ತೆರೆಯದೆ ಅನ್ನ ಬೇಯಿಸಿಕೊಳ್ಳೋ ಜಾತಿ. ಒಂದು ಕಿಲೋ ಒಣ ಹುಲ್ಲು ಕಟ್ಟೋಕೆ ನನಗೆ ಸುಮಾರು 300 ಲೀಟರ್ ನೀರು ಸಾಕು. ಭತ್ತ, ಗೋಧಿಗೆ ಅದರ ಎರಡರಷ್ಟು ಬೇಕು.

ಪ್ರಶ್ನೆ: ಹಾಗಾದರೆ ಕರಪತ್ರ ಸರಿಯಾಗಿಯೇ ಇದೆ!

ಆನೆಹುಲ್ಲು: ಲೆಕ್ಕ ಮುಗಿದಿಲ್ಲ, ಪೆನ್ನು ಮುಚ್ಚಬೇಡಿ. 150 ಟನ್ ಅಂದ್ರಲ್ಲ, ಅದು ಹಸಿ ತೂಕ. ಐದರಲ್ಲಿ ನಾಲ್ಕು ಪಾಲು ನೀರೇ. ಉಳಿಯೋದು 30 ಟನ್ ಒಣ ಹುಲ್ಲು. ಕಿಲೋಗೆ 300 ಲೀಟರ್ ಅಂದ್ರೆ 90 ಲಕ್ಷ ಲೀಟರ್. ಈ ಸೀಮೆಯಲ್ಲಿ ವರ್ಷದ ಮಳೆ 500–600 ಮಿ.ಮೀ. ಒಂದು ಹನಿಯೂ ಹರಿದುಹೋಗದೆ ನನ್ನ ಬಾಯಿಗೇ ಬಿತ್ತು ಅಂದ್ಕೊಂಡರೂ ಎಕರೆಗೆ 24 ಲಕ್ಷ ಲೀಟರ್ ದಾಟಲ್ಲ. ಉಳಿದ 66 ಲಕ್ಷ ಎಲ್ಲಿಂದ? ಅಗೋ, ಆ ಬೋರ್‌ವೆಲ್‌ನಿಂದ. ಅದರ ಸಂದರ್ಶನವನ್ನೂ ಮಾಡಿ. ಬೇಗ ಮಾಡಿ, ಉಸಿರು ಇರೋವಾಗಲೇ.

ಪ್ರಶ್ನೆ: ಆದರೂ ಕಬ್ಬಿಗಿಂತ ನೀವು ವಾಸಿಯಲ್ಲವೇ?

ಆನೆಹುಲ್ಲು: ಸಕ್ಕರೆಯಿಂದ ಒಂದು ಲೀಟರ್ ಎಥನಾಲ್ ಅಂದರೆ 2,860 ಲೀಟರ್ ನೀರು ಅಂತ ನೀತಿ ಆಯೋಗದ 2021ರ ವರದಿಯೇ ಬರೆದಿದೆ. ಕಬ್ಬಿನ ಪಕ್ಕದಲ್ಲಿ ನಿಂತರೆ ಯಾರಾದರೂ ಜಿಪುಣರಾಗೇ ಕಾಣ್ತಾರೆ ಬಿಡಿ.

ಪ್ರಶ್ನೆ: ಅಂದರೆ ಬಂಜರು ನೆಲದಲ್ಲಿ ಬರುತ್ತೀರಿ ಅನ್ನುವುದು ಬರೀ ಬೊಗಳೆಯೇ?

ಆನೆಹುಲ್ಲು: ಬರ್ತೀನಿ! ಬದುಕ್ತೀನಿ! ಆದರೆ ಬದುಕೋದು ಬೇರೆ, ಬೆಳೆಯೋದು ಬೇರೆ. ಈ ವ್ಯತ್ಯಾಸ ನೋಡಬೇಕಾದರೆ ಆ ಬೇಲಿಯಲ್ಲಿರೋ ಜತ್ರೋಫಾನ ಮಾತಾಡಿಸಿ. 2003ರಲ್ಲಿ ಯೋಜನಾ ಆಯೋಗದವರು ಅದರ ಬೀಜದಿಂದ ಎಣ್ಣೆ ತೆಗೆದು, 2011–12ರ ಹೊತ್ತಿಗೆ ಡೀಸೆಲ್‌ಗೆ ನೂರಕ್ಕೆ 20ರಷ್ಟು ಬೆರೆಸೋ ಕನಸು ಕಂಡರು. ‘ನೀರು ಬೇಡ, ಗೊಬ್ಬರ ಬೇಡ, ಬಂಜರಲ್ಲೂ ಬರುತ್ತೆ’ ಅಂತ ಅವತ್ತೂ ಇದೇ ಮಾತು. ಪಾಪ, ಅದು ಮಾತಿಗೆ ತಪ್ಪಲಿಲ್ಲ, ಬದುಕಿತು. ಕಾಯಿ ಮಾತ್ರ ಹೇಳಿದಷ್ಟು ಕಚ್ಚಲಿಲ್ಲ. ಬದುಕ್ತೀನಿ ಅಂತ ಗಿಡ ಹೇಳಿದ್ದನ್ನ ಫಸಲು ಕೊಡ್ತೀನಿ ಅಂತ ಬರೆದುಕೊಂಡವರು ಯಾರು?

ಪ್ರಶ್ನೆ: ಗೊಬ್ಬರದ ವಿಷಯಕ್ಕೆ ಬರೋಣ. ಬಹುವಾರ್ಷಿಕ ಹುಲ್ಲು ಗೊಬ್ಬರವನ್ನು ತಾನೇ ಉಳಿಸಿಕೊಳ್ಳುತ್ತದಂತೆ?

ಆನೆಹುಲ್ಲು: ಆ ಮಾತು ನನ್ನದಲ್ಲ, ಅಮೆರಿಕದ ಅಕ್ಕಂದು. ಸ್ವಿಚ್‌ಗ್ರಾಸ್ ಅಂತ, ಅಲ್ಲಿನ ಪ್ರೈರಿ ಬಯಲಿನವಳು. ಬೇರು ಮೂರು ಮೀಟರ್ ಇಳಿಯುತ್ತೆ. ಚಳಿ ಬೀಳೋ ಮುಂಚೆ ಎಲೆಯಲ್ಲಿರೋ ಸಾರಜನಕವನ್ನ ಬೇರಿಗೆ ಇಳಿಸಿ ಗಂಟು ಕಟ್ಟಿಡ್ತಾಳೆ. ಆಮೇಲೆ ಬರೀ ಒಣ ದಂಟನ್ನ ಕೊಯ್ದುಕೊಂಡು ಹೋಗ್ತಾರೆ, ಅದೂ ವರ್ಷಕ್ಕೆ ಒಂದೇ ಸಲ. ನನ್ನ ಕಥೆ ಹಾಗಲ್ಲ. ನಲವತ್ತೈದು ದಿನಕ್ಕೊಮ್ಮೆ ಹಸಿಹಸಿಯಾಗೇ ಕುಡುಗೋಲು ಬೀಳುತ್ತೆ, ಗಂಟು ಕಟ್ಟೋಕೆ ಪುರುಸೊತ್ತೆಲ್ಲಿ? ಒಣ ತೂಕದ ನೂರಕ್ಕೆ ಒಂದೂಕಾಲು ಪಾಲು ಸಾರಜನಕ ಅಂದ್ರೂ 30 ಟನ್ನಿನ ಜೊತೆ 375 ಕಿಲೋ ಹೊಲ ಬಿಟ್ಟು ಹೋಯ್ತು. 45 ಕಿಲೋ ಯೂರಿಯಾ ಚೀಲದಲ್ಲಿ ಸಾರಜನಕ ಇರೋದು 20 ಕಿಲೋ ಚಿಲ್ಲರೆ. ಹದಿನೆಂಟು ಚೀಲ ಆಯ್ತು. ಯೂರಿಯಾ ಅಂಗಡಿ ಮುಂದೆ ಎರಡು ಚೀಲಕ್ಕೆ ಕ್ಯೂ ನಿಂತವರನ್ನ ಕೇಳಿ ನೋಡಿ, ‘ಕಡಿಮೆ ಗೊಬ್ಬರ’ ಅಂದ್ರೆ ಎಷ್ಟು ಅಂತ.

ಪ್ರಶ್ನೆ: ಅಕ್ಕನಾದರೂ ಸುಖವಾಗಿದ್ದಾರೆಯೇ?

ಆನೆಹುಲ್ಲು: 2006ರ ಜನವರಿಯಲ್ಲಿ ಅಧ್ಯಕ್ಷ ಬುಷ್ ತಮ್ಮ ದೊಡ್ಡ ಭಾಷಣದಲ್ಲಿ ಅವಳ ಹೆಸರೆತ್ತಿದರು. ಆರು ವರ್ಷದಲ್ಲಿ ಇಂಥ ಹುಲ್ಲಿನ ಎಥನಾಲ್ ಪೈಪೋಟಿಗೆ ನಿಲ್ಲುತ್ತೆ ಅಂದರು. ಮರುವರ್ಷದ ಕಾನೂನು 2022ಕ್ಕೆ ಹುಲ್ಲು, ದಂಟು, ಕಟ್ಟಿಗೆಗಳಿಂದ 1,600 ಕೋಟಿ ಗ್ಯಾಲನ್ ಅಂತ ಗುರಿ ಇಟ್ಟಿತು. 2015ರಲ್ಲಿ ಅಯೋವಾದಲ್ಲಿ ಡ್ಯೂಪಾಂಟ್ ಕಂಪನಿ ದೊಡ್ಡ ಕಾರ್ಖಾನೆ ತೆರೆಯಿತು, 2017ರಲ್ಲಿ ಬಾಗಿಲು ಹಾಕಿತು. ಅದೂ ಮೆಕ್ಕೆಜೋಳದ ದಂಟಿನ ಕಾರ್ಖಾನೆ. ಅಕ್ಕನ ಸರದಿ ಬರೋ ಹೊತ್ತಿಗೆ ಊಟದ ಎಲೆಯನ್ನೇ ಎತ್ತಿದ್ದರು. ಆದರೆ ಅವಳು ಸುಳ್ಳು ಹೇಳಿದವಳಲ್ಲ. ನೆಬ್ರಾಸ್ಕಾ ಮತ್ತು ಎರಡು ಡಕೋಟಾಗಳ ಹತ್ತು ಹೊಲಗಳಲ್ಲಿ ಬೆಳೆಸಿ ನೋಡಿ 2008ರಲ್ಲಿ ಲೆಕ್ಕ ಬರೆದರು: ಹೆಕ್ಟೇರಿಗೆ 5ರಿಂದ 11 ಟನ್ ಒಣ ಹುಲ್ಲು. ನಿಮ್ಮ ಲೆಕ್ಕದಲ್ಲಿ ಎಕರೆಗೆ ಎರಡರಿಂದ ನಾಲ್ಕೂವರೆ. ಸಾಧಾರಣ ನೆಲದ ಮರ್ಯಾದಸ್ಥ ಫಸಲು ಅಂದ್ರೆ ಅದು. ಕರಪತ್ರದಲ್ಲಿ ಅಚ್ಚು ಹಾಕಿಸಿದರೆ ಯಾರೂ ಕಡ್ಡಿ ಕೊಳ್ಳಲ್ಲ.

ಪ್ರಶ್ನೆ: ನಮ್ಮಲ್ಲೂ ಜೈವಿಕ ಅನಿಲಕ್ಕಾಗಿ ‘ಸತತ್’ ಎಂಬ ಯೋಜನೆ ಬಂದಿದೆಯಲ್ಲ?

ಆನೆಹುಲ್ಲು: 2018ರ ಅಕ್ಟೋಬರಿನಲ್ಲಿ ಬಂತು. 2023ರ ಹೊತ್ತಿಗೆ 5,000 ಅನಿಲ ಘಟಕ ಅಂದರು. ಆ ವರ್ಷ ಮುಗಿದಾಗ ಶುರುವಾಗಿದ್ದು ನೂರು ದಾಟಿರಲಿಲ್ಲ. ಪ್ರಯತ್ನ ಮಾತ್ರ ಸತತ.

ಪ್ರಶ್ನೆ: ಆ ‘ಬಂಜರು ನೆಲ’ ಎಲ್ಲಿದೆ ಎಂದು ಹೇಳಲಿಲ್ಲ.

ಆನೆಹುಲ್ಲು: ಬಂಜರು ಅಂದ್ರೆ ಯಾವುದು? ಆಚೆ ಗೋಮಾಳ ಇದೆಯಲ್ಲ, ಕುರಿ ಕಾಯೋ ಹುಡುಗನಿಗೆ ಅದು ಬಂಜರಲ್ಲ, ಅವನ ಮಂದೆಯ ಅಡುಗೆಮನೆ. ಅಲ್ಲಿ ನನಗಿಂತ ಹಳಬರಾದ ನಾಟಿ ಹುಲ್ಲುಗಳಿದಾವೆ. ನೀರು ಕೇಳಲ್ಲ, ಗೊಬ್ಬರ ಕೇಳಲ್ಲ, ಎತ್ತರಕ್ಕೂ ಬೆಳೆಯಲ್ಲ. ಕರಪತ್ರ ಹೊಗಳಿರೋ ಗುಣವೆಲ್ಲ ಅವರದೇ. ಫೋಟೋ ಮಾತ್ರ ನಂದು.

ಪ್ರಶ್ನೆ: ಹಾಗಾದರೆ ನಿಮ್ಮಿಂದ ಇಂಧನ ಸಾಧ್ಯವೇ ಇಲ್ಲ ಅನ್ನಿ.

ಆನೆಹುಲ್ಲು: ಯಾರಂದರು? ಬದುವಿನ ಮೇಲೆ ನೆಡಿ, ಮಣ್ಣು ಹಿಡಿದುಕೊಳ್ತೀನಿ. ಒಂದ್ಸಲ ನೆಟ್ಟರೆ ನಾಲ್ಕೈದು ವರ್ಷ ಉಳುಮೆ ತಪ್ಪುತ್ತೆ. ಮಳೆ ಕೊಟ್ಟಷ್ಟು ಕೊಯ್ಯಿರಿ. ಅನಿಲದ ಜೊತೆ ಹೋಗೋದು ಹೆಚ್ಚಾಗಿ ಇಂಗಾಲ, ಜಲಜನಕ. ಸಾರಜನಕ, ರಂಜಕ, ಪೊಟ್ಯಾಷ್ ಬಹುಪಾಲು ಟ್ಯಾಂಕಿನ ಸ್ಲರಿಯಲ್ಲೇ ಉಳಿಯುತ್ತೆ. ಅದನ್ನ ನನ್ನ ಬುಡಕ್ಕೇ ತಂದು ಸುರೀರಿ. ಲಾರಿಗೆ ಹೇರಿ ದೂರದ ಕಾರ್ಖಾನೆಗೆ ಒಯ್ಯಬೇಡಿ. ನಾನು ಐದಕ್ಕೆ ನಾಲ್ಕು ಪಾಲು ನೀರು, ಡೀಸೆಲ್ ಸುಟ್ಟು ನೀರು ಸಾಗಿಸಿದಂಗಾಗುತ್ತೆ. ಊರೊಳಗೇ ಇಟ್ಟುಕೊಂಡರೆ ನಾಲ್ಕು ಮನೆ ಒಲೆ ಉರಿಸ್ತೀನಿ. ದೇಶದ ಬಸ್ಸೆಲ್ಲ ಓಡಿಸ್ತೀನಿ ಅಂತ ನನ್ನ ಬಾಯಲ್ಲಿ ಹೇಳಿಸಬೇಡಿ.

ಅಷ್ಟರಲ್ಲಿ ಮನೆಯಾಕೆ ಕುಡುಗೋಲು ಹಿಡಿದು ಬಂದರು. ಕೊಟ್ಟಿಗೆಯಿಂದ ಹಸು ಕೂಗಿತು. ಇನ್ನೊಂದು ಪ್ರಶ್ನೆ ಇದೆ, ಮತ್ತೆ ಯಾವಾಗ ಸಿಗುತ್ತೀರಿ ಎಂದು ಅವಸರದಲ್ಲಿ ಕೇಳಿದೆ.

ಆನೆಹುಲ್ಲು: ನೀರು ಬಿಟ್ಟರೆ ನಲವತ್ತೈದು ದಿನಕ್ಕೆ. ಬಿಡದಿದ್ದರೆ ಮಳೆ ಬಂದಾಗ. ಎರಡರಲ್ಲಿ ಒಂದು ಬರ್ಕೊಳ್ಳಿ ಸ್ವಾಮಿ, ಎರಡನ್ನೂ ಒಂದೇ ಸಾಲಿನಲ್ಲಿ ಬರೀಬೇಡಿ.