ಅಂಟು ರೆಪ್ಪೆಯ ನಂಟು

ತೊಟ್ಟವರಿಗೆ ಮಾತ್ರ ಕಾಣದ ಒಡವೆ ಯಾವುದು ಎಂದು ಒಗಟು ಹಾಕಿದರೆ ಹಳೆಯ ಕಾಲದವರು ತಡಬಡಾಯಿಸಿಯಾರು. ಬಳೆ, ಉಂಗುರ, ವಂಕಿ ಎಲ್ಲವೂ ತೊಟ್ಟವಳ ಕಣ್ಣಳತೆಯಲ್ಲೇ ಇರುತ್ತವೆ. ಜಡೆಬಿಲ್ಲೆ ಬೆನ್ನ ಹಿಂದಿದ್ದರೂ ಜಡೆಯನ್ನು ಮುಂದಕ್ಕೆಳೆದುಕೊಂಡು ನೋಡಬಹುದು. ಕಣ್ಣು ಮೆಳ್ಳೆ ಮಾಡಿಕೊಂಡರೆ ಮೂಗುತಿಯೂ ಒಂದಿಷ್ಟು ದರ್ಶನ ಕೊಡುತ್ತದೆ. ಕಣ್ಣಿಗೇ ಅಂಟಿಕೊಂಡಿದ್ದೂ ಕಣ್ಣಿಗೆ ಬೀಳದ ಒಡವೆ ಎಂದರೆ ಈಗಿನ ಅಂಟಿಸುವ ರೆಪ್ಪೆಗೂದಲು. ಹಾಕಿಕೊಂಡವಳಿಗೆ ದಕ್ಕುವುದು ನೋಟದ ಮೇಲಂಚಿನಲ್ಲಿ ಒಂದು ಕಪ್ಪು ಮಬ್ಬು, ಅಷ್ಟೆ. ಚೆಂದವೆಲ್ಲ ಎದುರಿಗಿದ್ದವರ ಪಾಲು. ಇಷ್ಟು ನಿಸ್ವಾರ್ಥವಾದ ಅಲಂಕಾರ ಇನ್ನೊಂದಿಲ್ಲ. ಆ ಎದುರಿಗಿರುವವರು ಯಾರು ಎಂಬ ಪ್ರಶ್ನೆಯೊಂದಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ನನಗೆ ಈ ವಿದ್ಯೆ ಒದಗಿದ್ದು ಅಕ್ಕನ ಮಗಳ ಮದುವೆಯ ದೆಸೆಯಿಂದ. "ಚಿಕ್ಕಮ್ಮ, ನೀನೇ ಬಾ. ಅಮ್ಮ ಬಂದ್ರೆ ಬೆಲೆ ಕೇಳಿ ಅಂಗಡೀಲೇ ಕೂತುಬಿಡ್ತಾಳೆ" ಎಂದು ಅವಳು ನನ್ನನ್ನು ಮಲ್ಲೇಶ್ವರದ ಎಂಟನೇ ಕ್ರಾಸಿಗೆ ಹೊರಡಿಸಿದಳು. ಅಲ್ಲಿನ ಫ್ಯಾನ್ಸಿ ಸ್ಟೋರುಗಳು ನನಗೆ ಹೊಸವಲ್ಲ. ಆದರೆ ನನ್ನ ತಿಳಿವಳಿಕೆ ಕ್ಲಿಪ್ಪು, ರಬ್ಬರ್ ಬ್ಯಾಂಡು, ಬಿಂದಿ ಪ್ಯಾಕೆಟ್ಟುಗಳ ಹೊರಗೋಡೆಯನ್ನು ದಾಟಿರಲಿಲ್ಲ. ಒಳಗಿನ ಗಾಜಿನ ಕಪಾಟಿನ ಮುಂದೆ ನಿಂತ ಮೇಲೆ ಗೊತ್ತಾಯಿತು, ನಾನು ಇಷ್ಟು ವರ್ಷ ಬರೀ ಜಗಲಿಯಲ್ಲೇ ಕೂತಿದ್ದೆ.

"ಡೈಲಿ ವೇರಾ, ಬ್ರೈಡಲ್ಲಾ ಮ್ಯಾಮ್?" ಎಂದಳು ಅಂಗಡಿಯ ಹುಡುಗಿ. ದಿನಾ ಇದನ್ನು ಅಂಟಿಸಿಕೊಂಡು ಒಗ್ಗರಣೆಯ ಮುಂದೆ ನಿಲ್ಲುವವರೂ ಇದ್ದಾರೆಯೇ ಎಂದು ನಾನು ಬೆರಗಾಗುವಷ್ಟರಲ್ಲಿ ಗಾಜಿನ ಮೇಲೆ ಡಬ್ಬಿಗಳ ಸಾಲು ಹರಡಿತ್ತು. ಉದ್ದಕ್ಕೆ ಒಂದೇ ಪಟ್ಟಿಯಾಗಿರುವ ಸ್ಟ್ರಿಪ್, ಗೊಂಚಲು ಗೊಂಚಲಾಗಿ ಅಂಟಿಸುವ ಕ್ಲಸ್ಟರ್, ತಾಳ್ಮೆ ಕಳೆದುಹೋಗಲಿ ಎಂದೇ ಮಾಡಿದಂತಿರುವ ಒಂಟೊಂಟಿ ಎಳೆಗಳು. ಇನ್ನೊಂದಕ್ಕೆ ಅಂಟೇ ಬೇಡವಂತೆ. ಕಬ್ಬಿಣದ ಆಕ್ಸೈಡ್ ಬೆರೆತ ಐಲೈನರನ್ನು ಕಣ್ಣಂಚಿಗೆ ಎಳೆದುಕೊಂಡರೆ ರೆಪ್ಪೆಯ ಪಟ್ಟಿಯಲ್ಲಿರುವ ಪುಟಾಣಿ ಅಯಸ್ಕಾಂತಗಳು ಹೋಗಿ ಕೂರುತ್ತವೆ. (ಭಾವನಿಗೆ ಇದನ್ನು ಹೇಳಿದಾಗ, "ಹುಷಾರು ಮಗಳೇ, ಫ್ರಿಜ್ಜಿನ ಹತ್ತಿರ ಹೋಗಬೇಡ" ಎಂದರು.) ಪ್ರತಿ ಡಬ್ಬಿಗೂ ಹೆಸರು, ನಂಬರು. ಒಂದು 'ಡ್ರಾಮಾ', ಒಂದು 'ವಿಸ್ಪಿ', ಒಂದು 'ನ್ಯಾಚುರಲ್'. ಆ ನ್ಯಾಚುರಲ್ ರೆಪ್ಪೆಯನ್ನು ಇಟ್ಟುಕೊಂಡೇ ಹುಟ್ಟುವ ಪ್ರಾಣಿ ನನಗೆ ತಿಳಿದಂತೆ ಒಂಟೆ ಮಾತ್ರ.

ಇವೆಲ್ಲ ಹೆಚ್ಚಾಗಿ ಬರುವುದು ಚೀನಾದ ಶಾನ್‌ಡಾಂಗ್ ಪ್ರಾಂತ್ಯದ ಪಿಂಗ್ಡು ಎಂಬ ಊರಿನ ಕಡೆಯಿಂದ. ಜಗತ್ತಿನ ಅಂಟು ರೆಪ್ಪೆಗಳಲ್ಲಿ ದೊಡ್ಡ ಪಾಲು ಅಲ್ಲಿಯದೇ. ಯಾರೋ ಕೂತು ಬಾಗಿ ಎಳೆ ಎಳೆಯಾಗಿ ಪೋಣಿಸಿದ್ದು ಇಲ್ಲಿ ಹೂವಿನಂಗಡಿಯ ಪಕ್ಕದಲ್ಲಿ ಚೌಕಾಸಿಗೆ ಸಿಗುತ್ತದೆ. ಚೌಕಾಸಿ ಮಾಡಿದ್ದು ನಾನೇ. ಅಕ್ಕನ ತಂಗಿಯಲ್ಲವೇ?

ಮನೆಯಲ್ಲಿ ಚೀಲ ಬಿಚ್ಚಿದಾಗ ಅಮ್ಮನ ಕೈಗೆ ಮೊದಲು ಸಿಕ್ಕಿದ್ದು 'ಮಿಂಕ್' ಎಂದು ಬರೆದಿದ್ದ ಡಬ್ಬಿ. ಮಿಂಕ್ ಎಂದರೇನೆಂದು ಕೇಳಿದಳು. ನೀರುನಾಯಿಯ ವಂಶದ್ದು, ತಣ್ಣನೆಯ ದೇಶಗಳಲ್ಲಿ ತುಪ್ಪಟಕ್ಕಾಗಿ ಸಾಕುತ್ತಾರೆ ಎಂದು ನಾನು ಹೇಳಬಾರದಿತ್ತೇನೋ.

"ಧಾರೆಗೆ ಕೂರೋ ಹುಡುಗಿ ಕಣ್ಣಿಗೆ ನೀರುನಾಯಿ ಕೂದಲೇ? ಶಿವ ಶಿವಾ!"

"ಅಜ್ಜಿ, ನೀನು ಮಡಿಗೆ ರೇಷ್ಮೆ ಉಡಲ್ವಾ? ಹುಳ ಬೇಯಿಸಿದ್ದು ಮಡಿ, ಕೂದಲು ಬಾಚಿದ್ದು ಮೈಲಿಗೇನಾ?"

ಅಮ್ಮ ಒಂದು ಕ್ಷಣ ಸುಮ್ಮನಾದಳು. ಆಮೇಲೆ ಮನುಷ್ಯರ ಕೂದಲಿನದು ಸಿಗುವುದಿಲ್ಲವೇ ಎಂದಳು. ಸಿಗುತ್ತದೆ. ತಿರುಮಲದಲ್ಲಿ ಕೊಟ್ಟ ಮುಡಿಯನ್ನು ದೇವಸ್ಥಾನದವರು ಹರಾಜು ಹಾಕುವುದೂ ಅದು ವಿಗ್ಗಾಗಿ ಸಮುದ್ರ ದಾಟುವುದೂ ಅವಳಿಗೆ ಗೊತ್ತು. "ಅದಾದರೆ ದೇವರಿಗೆ ಒಪ್ಪಿಸಿದ್ದಾದರೂ ಆಗಿರುತ್ತೆ" ಎಂದು ಅವಳು ಲೆಕ್ಕ ಹಾಕುತ್ತಿದ್ದಾಗ, ನಾನು ಡಬ್ಬಿಯ ಬೆನ್ನಿನ ಸಣ್ಣಕ್ಷರ ಓದಿದೆ. ಮಿಂಕ್ ಎನ್ನುವುದು ಹೆಸರಿಗೆ ಮಾತ್ರ, ಒಳಗಿರುವುದು ಪ್ಲಾಸ್ಟಿಕ್ ಎಳೆ. ಅಮ್ಮನ ಮುಖ ಅರಳಿತು. "ಪ್ಲಾಸ್ಟಿಕ್ಕಾದರೆ ತೊಂದರೆಯಿಲ್ಲ, ನೀರು ಚಿಮುಕಿಸಿದರೆ ಆಯ್ತು."

ರೆಪ್ಪೆಯ ಜೊತೆ ಸಲಕರಣೆಗಳೂ ಬಂದಿದ್ದವು. ಅಮ್ಮನ ಕಾಲದ ಸಲಕರಣೆ ಒಂದೇ, ತೋರುಬೆರಳು. ಹರಳೆಣ್ಣೆಯ ದೀಪದ ಮೇಲೆ ತಾಮ್ರದ ತಟ್ಟೆ ಬೋರಲು ಹಾಕಿ, ನಂದಿಬಟ್ಟಲು ಹೂವಿನ ರಸದಲ್ಲಿ ಅದ್ದಿ ಒಣಗಿಸಿದ ಬತ್ತಿ ಉರಿಸಿ, ಹಿಡಿದ ಮಸಿಗೆ ಬೆಣ್ಣೆ ಬೆರೆಸಿ ಅವಳು ಕಾಡಿಗೆ ಮಾಡುತ್ತಿದ್ದಳು. ಹಚ್ಚುವ ಬೆರಳೇ ಮಿಕ್ಕದ್ದನ್ನು ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟಾಗಿ ಒರೆಸಿ ಕೆಲಸ ಮುಗಿಸುತ್ತಿತ್ತು. ಈಗ ಫೌಂಡೇಶನ್ನಿಗೆ ಒಂದು ಕುಂಚ, ಅದನ್ನು ಹದಮಾಡಲು ಒದ್ದೆ ಸ್ಪಂಜು, ಪೌಡರಿಗೆ ದಪ್ಪ ಕುಂಚ, ಹುಬ್ಬಿಗೆ ಓರೆ ಕುಂಚ. ಕುಂಚಗಳ ರಾಶಿ ನೋಡಿದ ಭಾವ, ಮನೆಗೂ ಒಂದು ಕೋಟು ಬಣ್ಣ ಹೊಡೆಸಿಬಿಡೋಣ ಎಂದರು. ಎಲ್ಲರನ್ನೂ ದಂಗುಬಡಿಸಿದ್ದು ಲ್ಯಾಶ್ ಕರ್ಲರ್. ಎರಡು ಹಿಡಿ, ನಡುವೆ ಕೀಲು, ತುದಿಯಲ್ಲಿ ಬಾಗಿದ ಬಾಯಿ: ಥೇಟ್ ಅಡಕತ್ತರಿ. ಭಾವನ ಅಕ್ಕ ಅದನ್ನು ಕೈಗೆತ್ತಿಕೊಂಡು ಒತ್ತಿ ನೋಡಿ, "ಹರಿತವೇ ಇಲ್ಲವಲ್ಲ, ಬೆಟ್ಟಡಿಕೆಗೆ ನಡೆಯೋದಿಲ್ಲ" ಎಂದು ತಾಂಬೂಲದ ತಟ್ಟೆಯಲ್ಲಿಟ್ಟುಬಿಟ್ಟರು. ಅದರ ಬಾಯಿಗೆ ರೆಪ್ಪೆಗೂದಲು ಕೊಟ್ಟು ಮೆಲ್ಲಗೆ ಅಮುಕಿದರೆ ಕೂದಲು ಮೇಲಕ್ಕೆ ಬಾಗುತ್ತದೆ ಎಂದು ಹುಡುಗಿ ತೋರಿಸಿದಾಗ ಅವರು ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು. ಮಸ್ಕಾರಾ ಹಚ್ಚುವ ಮೊದಲೇ ಅಮುಕಬೇಕು, ಹಚ್ಚಿದ ಮೇಲೆ ಅಮುಕಿದರೆ ಕೂದಲು ಅಂಟಿಕೊಂಡು ಕಿತ್ತು ಬರುತ್ತದೆ ಎಂಬ ಮುಂದಿನ ಪಾಠಕ್ಕೆ ಅವರು ನಿಲ್ಲಲಿಲ್ಲ.

ಕಣ್ಣಿಗೆ ಅಂಟು ಹಾಕಬೇಕೆಂದು ಮೊದಲು ಯಾರಿಗೆ ತೋಚಿತು? 1911ರಲ್ಲೇ ಕೆನಡಾದ ಆನಾ ಟೇಲರ್ ಎಂಬಾಕೆ ಕೃತಕ ರೆಪ್ಪೆಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದಿದ್ದರು. ಆದರೆ ಅದಕ್ಕೆ ಕಳೆ ಬಂದಿದ್ದು ಸಿನಿಮಾದಿಂದ. 1916ರ 'ಇನ್‌ಟಾಲರೆನ್ಸ್' ಚಿತ್ರದಲ್ಲಿ ಬ್ಯಾಬಿಲೋನಿನ ರಾಜಕುಮಾರಿಯಾಗಿದ್ದ ಸೀನಾ ಓವೆನ್‌ಳ ಕಣ್ಣು ಲೋಕದ ಕಣ್ಣುಗಳಿಗಿಂತ ದೊಡ್ಡದಾಗಿ ಕಾಣಬೇಕೆಂದು ನಿರ್ದೇಶಕ ಡಿ. ಡಬ್ಲ್ಯೂ. ಗ್ರಿಫಿತ್ ಹಟ ಹಿಡಿದ. ವಿಗ್ ಮಾಡುವವನು ತೆಳು ಜಾಲರಿ ಬಟ್ಟೆಗೆ ಮನುಷ್ಯರ ಕೂದಲು ನೇಯ್ದು, ಸ್ಪಿರಿಟ್ ಗಮ್ಮಿನಲ್ಲಿ ಅವಳ ರೆಪ್ಪೆಗೆ ಅಂಟಿಸಿದ. ಒಂದು ದಿನ ಆಕೆ ಕಣ್ಣು ಊದಿಸಿಕೊಂಡು ಬಂದದ್ದನ್ನು ಲಿಲಿಯನ್ ಗಿಶ್ ತಮ್ಮ ನೆನಪುಗಳಲ್ಲಿ ಹೇಳಿಕೊಂಡಿದ್ದಾರೆ. ಆಶ್ಚರ್ಯವೇನು? ಸ್ಪಿರಿಟ್ ಗಮ್ಮಿನ ಪ್ರತಾಪ ನಮ್ಮ ನಾಟಕದವರನ್ನು ಕೇಳಬೇಕು. ದುರ್ಯೋಧನನ ಮೀಸೆ ಅಂಟಿಸುವುದೂ ಅದರಲ್ಲೇ. ಗದಾಯುದ್ಧ ಮುಗಿದರೂ ಮೀಸೆ ಸೋಲೊಪ್ಪುವುದಿಲ್ಲ. ಈಗಿನ ರೆಪ್ಪೆಯ ಅಂಟು ಅಷ್ಟು ಉಗ್ರವಲ್ಲ, ಆದರೂ ಹಲವದರಲ್ಲಿ ಲೇಟೆಕ್ಸ್ ಇರುವುದರಿಂದ ಒಗ್ಗದವರಿಗೆ ಒಗ್ಗುವುದಿಲ್ಲ. ಒಂದು ಹನಿಯನ್ನು ಮೊಣಕೈಯ ಒಳಮಗ್ಗುಲಿಗೆ ಹಚ್ಚಿ ಒಂದು ದಿನ ಕಾದು ನೋಡುವುದು ಜಾಣತನ. ಗಂಡಿನ ಬಗ್ಗೆ ಮಾಡಿದ ವಿಚಾರಣೆಯ ನಂತರ ನಮ್ಮ ಹುಡುಗಿ ಅಷ್ಟು ಶ್ರದ್ಧೆಯಿಂದ ಪರೀಕ್ಷಿಸಿದ್ದು ಅಂಟನ್ನೇ.

ಆರತಕ್ಷತೆಯ ಸಂಜೆಗೆ ಬ್ಯೂಟಿಷಿಯನ್ ಗೊತ್ತಾಗಿದ್ದರು. ಮುಹೂರ್ತ ಬೆಳಗಿನ ಜಾವದ್ದಾದ್ದರಿಂದ ಧಾರೆಯ ಅಲಂಕಾರ ಮನೆಯವರದೇ. ಹಾಗಾಗಿ ಅಭ್ಯಾಸ ಶುರುವಾಯಿತು. ಪಟ್ಟಿಯನ್ನು ಚಿಮಟದಲ್ಲಿ ಹೊರತುದಿಯಿಂದ ಮೆಲ್ಲಗೆ ಬಿಡಿಸಿಕೊಂಡು ಕಣ್ಣಿಗೆ ಹಿಡಿದು ಅಳತೆ ನೋಡಬೇಕು. ಮೂಗಿನ ಕಡೆಯ ಮೂಲೆಗೆ ತೀರ ತಾಗಿದರೆ ದಿನವಿಡೀ ಚುಚ್ಚುತ್ತದೆ. ಹೆಚ್ಚಾದದ್ದನ್ನು ಹೊರತುದಿಯಲ್ಲೇ ಕತ್ತರಿಸಬೇಕು, ಒಳತುದಿಯ ಗಿಡ್ಡ ಕೂದಲುಗಳು ಹೋದರೆ ಇಳಿಜಾರು ಕೆಟ್ಟು ಕಣ್ಣು ಗಾಬರಿಯಾದಂತೆ ಕಾಣುತ್ತದೆ. ಪಟ್ಟಿ ಕಣ್ಣಿನ ಬಾಗಿಗೆ ಒಗ್ಗಲಿ ಎಂದು ಕುಂಚದ ಹಿಡಿಗೆ ಸುತ್ತಿ ಹದ ಮಾಡಬೇಕು. ಆಮೇಲೆ ಬಲು ತೆಳ್ಳಗೆ ಅಂಟು. ಹಚ್ಚಿದೊಡನೆ ಅಂಟಿಸುವ ಹಾಗಿಲ್ಲ! ಅರ್ಧ ನಿಮಿಷ ಕಾಯಬೇಕು, ಅಂಟು ತುಸು ಬಿಗಿಯಬೇಕು. ಇಡೀ ವಿದ್ಯೆ ನಿಂತಿರುವುದು ಈ ಅರ್ಧ ನಿಮಿಷದಲ್ಲಿ. ಆತುರಗಾರರ ರೆಪ್ಪೆ ಜಾರಿ ಕೆನ್ನೆಗೆ ಬರುತ್ತದೆ. "ಗಣಪತಿ ಶ್ಲೋಕ ಎರಡು ಸಲ ಹೇಳು, ಸರಿಹೋಗುತ್ತೆ" ಎಂದಳು ಅಮ್ಮ. ಅಡುಗೆಮನೆಯಲ್ಲಿ ಅವಳ ಗಡಿಯಾರ ಅದೇ. ನಿಜಕ್ಕೂ ಸರಿಹೋಯಿತು.

ಕನ್ನಡಿಯನ್ನು ಎದುರಿಗಿಟ್ಟುಕೊಂಡರೆ ಆಗದು. ಕೆಳಗಿಟ್ಟು, ಗದ್ದ ಎತ್ತಿ, ಕಣ್ಣನ್ನಷ್ಟೇ ತಗ್ಗಿಸಿ ನೋಡಬೇಕು. ಕಪ್ಪಕಾಣಿಕೆ ತಂದ ಸಾಮಂತನನ್ನು ಮಹಾರಾಣಿ ನೋಡುವ ಭಂಗಿ ಅದು. ಮೊದಲು ನಡುವೆ ಕೂರಿಸಿ, ಆಮೇಲೆ ಹೊರತುದಿ, ಕೊನೆಗೆ ಒಳತುದಿ. ಅವಳು ಚಿಮಟವನ್ನು ಕಣ್ಣಿನ ಹತ್ತಿರ ಒಯ್ದಾಗ ಬಾಯಿ ತಾನಾಗಿ ತೆರೆದುಕೊಂಡಿತು. ಕಣ್ಣಿನ ಕೆಲಸಕ್ಕೆ ಬಾಯಿ ಯಾಕೆ ತೆರೆಯಬೇಕು? ಅವಳದಷ್ಟೇ ಅಲ್ಲ, ಸುತ್ತ ನಿಂತಿದ್ದ ಅಕ್ಕ, ಅಮ್ಮ, ಹೂ ಕಟ್ಟುತ್ತಿದ್ದ ಪಕ್ಕದ ಮನೆಯಾಕೆ ಎಲ್ಲರ ಬಾಯಿಯೂ ತೆರೆದಿತ್ತು. ನನ್ನದನ್ನು ನಾನು ಕನ್ನಡಿಯಲ್ಲಿ ನೋಡಿದೆ.

ಅವಳ ಬಲವಂತಕ್ಕೆ ಒಂದು ಜೊತೆ 'ನ್ಯಾಚುರಲ್' ನನಗೂ ಅಂಟಿತು. ಕನ್ನಡಕ ಹಾಕುವವರಿಗೆ ಇದು ಬೇರೆಯೇ ಅನುಭವ. ಕನ್ನಡಕ ತೆಗೆದರೆ ರೆಪ್ಪೆ ಹೇಗಿದೆ ಎಂದು ಕಾಣದು, ಹಾಕಿದರೆ ಎವೆಯಿಕ್ಕಿದಾಗೆಲ್ಲ ರೆಪ್ಪೆ ಗಾಜನ್ನು ಗುಡಿಸುತ್ತದೆ. ಕನ್ನಡಕ ಅಷ್ಟು ಚೊಕ್ಕಟವಾಗಿ ಎಂದೂ ಇರಲಿಲ್ಲ.

ಎದುರಿಗೆ ಯಾರಿದ್ದಾರೆ ಎಂಬ ಮಾತಿಗೆ ಈಗ ಬರಬಹುದು. ಯಕ್ಷಗಾನದ ಚೌಕಿಯಲ್ಲಿ ಬಣ್ಣದ ವೇಷದವರು ಅರದಾಳ, ಇಂಗಳೀಕ, ಕಾಡಿಗೆ ಬಳಿದು, ಅಕ್ಕಿಹಿಟ್ಟು ಸುಣ್ಣ ಕಲಸಿದ ಚಿಟ್ಟಿಯನ್ನು ಸಾಲುಸಾಲಾಗಿ ಮುಖಕ್ಕೆ ಇಡುತ್ತ ಗಂಟೆಗಟ್ಟಲೆ ಕೂರುತ್ತಿದ್ದುದಕ್ಕೆ ಅರ್ಥವಿತ್ತು. ದೀವಟಿಗೆಯ ಬೆಳಕಿನಲ್ಲಿ, ಗದ್ದೆಯ ಕೊನೆಯ ಚಾಪೆಯ ಮೇಲೆ ಕೂತವನಿಗೂ ರಾಕ್ಷಸ ಕಣ್ಣು ತಿರುಗಿಸಿದ್ದು ಕಾಣಬೇಕಲ್ಲ. ಮದುವೆಗೆ ಬಂದವರು ಕೈಯಳತೆಯಲ್ಲಿ ನಿಂತು ಅಕ್ಷತೆ ಹಾಕುತ್ತಿದ್ದ ಕಾಲದಲ್ಲಿ ಇದರ ಅಗತ್ಯವೇ ಇರಲಿಲ್ಲ. ಈಗ ಕಲ್ಯಾಣಮಂಟಪದಲ್ಲಿ ವಧುವಿಗೂ ನೆಂಟರಿಗೂ ನಡುವೆ ಮೂವರು ಫೋಟೋಗ್ರಾಫರುಗಳ ಬೆನ್ನಿದೆ, ತಲೆಯ ಮೇಲೆ ಡ್ರೋನ್ ಇದೆ, ಪಕ್ಕದಲ್ಲಿ ಗೋಡೆಯಷ್ಟಗಲದ ಪರದೆಯಿದೆ. ಸ್ವಂತ ಮಾವನೂ ಸೊಸೆಯ ಮುಖವನ್ನು ಪರದೆಯಲ್ಲೇ ನೋಡಬೇಕು. ಸಿನಿಮಾಕ್ಕೆಂದು ಹುಟ್ಟಿದ ರೆಪ್ಪೆ ಮದುವೆಗೆ ಬಂದಿತು ಎಂದು ಗೊಣಗುವವರು ಮದುವೆಯೇ ಸಿನಿಮಾ ಆಗಿರುವುದನ್ನು ಗಮನಿಸಿಲ್ಲ. ನನಗೆ ರೆಪ್ಪೆಯ ಮೇಲೆ ಸಿಟ್ಟಿಲ್ಲ. ಆ ಬೆನ್ನುಗಳ ಮೇಲೆ ಇದೆ.

"ನಮ್ಮ ಕಾಲದಲ್ಲಿ ಮದುಮಗಳು ತಲೆಯೇ ಎತ್ತೋ ಹಾಗಿರಲಿಲ್ಲ" ಎಂದಳು ಅಮ್ಮ.

"ಅದಕ್ಕೇ ಅಜ್ಜಿ, ತಲೆ ತಗ್ಗಿಸಿದಾಗಲೇ ರೆಪ್ಪೆ ಚೆನ್ನಾಗಿ ಕಾಣೋದು. ನಿಜವಾಗಿ ಬೇಕಾಗಿದ್ದದ್ದು ನಿನಗೆ."

ಅಮ್ಮ ನಕ್ಕಳು. ಆಮೇಲೆ ಯಾರೂ ನೋಡದಾಗ ಡಬ್ಬಿ ಎತ್ತಿ ಬೆಳಕಿಗೆ ಹಿಡಿದಳು.

ಆರತಕ್ಷತೆಯ ವೇದಿಕೆಯಲ್ಲಿ ಹುಡುಗಿಯನ್ನು ನೋಡಿದಾಗ ನನಗೆ ನೆನಪಾದದ್ದು ದಮಯಂತಿ. ಸ್ವಯಂವರದಲ್ಲಿ ನಾಲ್ವರು ದೇವತೆಗಳು ನಳನ ರೂಪದಲ್ಲೇ ಬಂದು ಕೂತಾಗ ಅವಳು ನಿಜವಾದ ನಳನನ್ನು ಗುರುತಿಸಿದ್ದು ಹೇಗೆ? ದೇವತೆಗಳಿಗೆ ಬೆವರಿಲ್ಲ, ಅವರ ಹೂಮಾಲೆ ಬಾಡುವುದಿಲ್ಲ, ಪಾದ ನೆಲಕ್ಕೆ ಸೋಕುವುದಿಲ್ಲ, ಅವರು ಎವೆಯಿಕ್ಕುವುದಿಲ್ಲ. ನಮ್ಮ ಹುಡುಗಿಗೆ ಸೆಟ್ಟಿಂಗ್ ಸ್ಪ್ರೇ ದಯೆಯಿಂದ ಒಂದು ಹನಿ ಬೆವರಿಲ್ಲ. ಹಾರದ ಹೂವು ಬಟ್ಟೆಯದು. ಪಾದಕ್ಕೂ ನೆಲಕ್ಕೂ ನಡುವೆ ಹೈಹೀಲ್ಡು, ಅದರ ಕೆಳಗೆ ಜಮಖಾನೆ. ಇನ್ನು ಎವೆಯ ವಿಷಯ. ಬ್ಯೂಟಿಷಿಯನ್ ಹಾಕಿದ್ದು 'ಡ್ರಾಮಾ' ಆದ್ದರಿಂದ ಅದನ್ನು ಎತ್ತಿ ಇಳಿಸುವುದು ಪ್ರಯಾಸದ ಕೆಲಸವಾಗಿ, ಅವಳು ಬೇಕಾದಾಗ ಮಾತ್ರ ಎವೆಯಿಕ್ಕುತ್ತಿದ್ದಳು. ನಾಲ್ಕೂ ಪರೀಕ್ಷೆಯಲ್ಲಿ ಪಾಸು. ದಮಯಂತಿ ಬಂದಿದ್ದರೆ ಕೈಮುಗಿದು ಮುಂದೆ ಹೋಗುತ್ತಿದ್ದಳು. ಪಕ್ಕದಲ್ಲಿ ಬೆವರುತ್ತ, ಪಿಳಿಪಿಳಿ ಕಣ್ಣು ಬಿಡುತ್ತ ನಿಂತಿದ್ದ ವರ ಮಾತ್ರ ಅಪ್ಪಟ ಮನುಷ್ಯ.

ಧಾರೆಯ ದಿನ ಗೆದ್ದದ್ದು ಹೋಮದ ಹೊಗೆ. ಅಮೆರಿಕದ ಜಾರ್ಜಿಯಾ ಟೆಕ್‌ನ ಸಂಶೋಧಕರು ಇಪ್ಪತ್ತೆರಡು ಬಗೆಯ ಸಸ್ತನಿಗಳ ರೆಪ್ಪೆಗಳನ್ನು ಅಳೆದು 2015ರಲ್ಲಿ ಒಂದು ಸಂಗತಿ ಪ್ರಕಟಿಸಿದರು. ರೆಪ್ಪೆಗೂದಲಿನ ಉದ್ದ ಕಣ್ಣಿನ ಅಗಲದ ಸುಮಾರು ಮೂರರಲ್ಲೊಂದು ಪಾಲು ಇದ್ದರೆ ಗಾಳಿ, ಧೂಳುಗಳಿಂದ ಕಣ್ಣಿಗೆ ರಕ್ಷಣೆ ಚೆನ್ನಾಗಿರುತ್ತದೆ. ಅದಕ್ಕಿಂತ ಉದ್ದವಾದರೆ ರೆಪ್ಪೆಯೇ ಗಾಳಿಯನ್ನು ಕಣ್ಣಿನ ಕಡೆಗೆ ತಿರುಗಿಸುತ್ತದೆ. ಲಾಜಾಹೋಮದ ಹೊತ್ತಿಗೆ ಈ ಸಿದ್ಧಾಂತ ನಮ್ಮ ಹುಡುಗಿಯ ಮುಖದ ಮೇಲೆ ಸಾಬೀತಾಗುತ್ತಿತ್ತು. ಧಾರಾಕಾರ ಕಣ್ಣೀರು. ನೆಂಟರೆಲ್ಲ, ತವರು ಬಿಡುವ ಸಂಕಟ ಈ ಕಾಲದಲ್ಲೂ ಇದೆಯಲ್ಲ ಎಂದು ತಾವೂ ಕಣ್ಣೊರೆಸಿಕೊಂಡರು. ಅಂಟು ಮಾತ್ರ ಅಲ್ಲಾಡಲಿಲ್ಲ.

ಇದನ್ನು ಬಿಡಿಸುವುದಕ್ಕೂ ಕ್ರಮವಿದೆ. ಎಳೆಯಬಾರದು. ಹತ್ತಿಯಲ್ಲಿ ಎಣ್ಣೆ ಅದ್ದಿ ಕಣ್ಣಂಚಿಗೆ ಒತ್ತಿ ಹಿಡಿದು, ಅಂಟು ಸಡಿಲವಾದ ಮೇಲೆ ಹೊರತುದಿಯಿಂದ ಬಿಡಿಸಿ, ಶುಚಿಮಾಡಿ ಅದರ ಡಬ್ಬಿಯಲ್ಲೇ ಇಟ್ಟರೆ ಮತ್ತೆ ಹಲವು ಸಲ ಬಳಸಬಹುದು. ಮದುವೆಮನೆಯಲ್ಲಿ ರಾತ್ರಿ ಹನ್ನೆರಡಕ್ಕೆ ಡಬ್ಬಿ ಹುಡುಕುವವರು ಯಾರು? ಬಚ್ಚಲಮನೆಯ ಕನ್ನಡಿಗೆ ಬಿಂದಿ ಅಂಟಿಸಿಡುವುದು ನಮ್ಮ ಮನೆಗಳ ಸನಾತನ ಸಂಪ್ರದಾಯ. ಆ ರಾತ್ರಿಯೂ ಅಕ್ಕನ ಕೆಂಪು ಬಿಂದಿ ಕನ್ನಡಿಯ ನಡುವೆ ಹೋಗಿ ಕೂತಿತ್ತು. ಅದರ ಕೆಳಗೆ ಹುಡುಗಿ ಎಡಕ್ಕೊಂದು ಬಲಕ್ಕೊಂದು ರೆಪ್ಪೆ ಅಂಟಿಸಿ ಮಲಗಿಬಿಟ್ಟಳು.

ಬೆಳಿಗ್ಗೆ ಭಾವ ಗಡ್ಡ ಹೆರೆಯಲು ಹೋದರು. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಅಕ್ಕ ಬಾಗಿಲು ತಳ್ಳಿ ನೋಡಿದರೆ, ಕೆನ್ನೆ ತುಂಬ ನೊರೆ ಮೆತ್ತಿಕೊಂಡ ಭಾವ ಮೊಣಕಾಲು ತುಸು ಬಗ್ಗಿಸಿ, ತಮ್ಮ ಹಣೆಯನ್ನು ಬಿಂದಿಗೂ ಕಣ್ಣುಗಳನ್ನು ರೆಪ್ಪೆಗೂ ಸರಿಯಾಗಿ ಹೊಂದಿಸಿಕೊಂಡು ನಿಂತಿದ್ದರು. ಕದಲಲೂ ಇಲ್ಲ, ನಾಚಲೂ ಇಲ್ಲ.

"ನೋಡೇ," ಎಂದರು, "ಡ್ರಾಮಾ ನನಗೆ ಜಾಸ್ತಿಯಾಯಿತು. ನ್ಯಾಚುರಲ್ ಇದ್ದರೆ ಕೊಡು."