ಈ ನಿವೇಶನ ಮಾರಾಟಕ್ಕಿಲ್ಲ

ಬೆಂಗಳೂರಿನ ಬನಶಂಕರಿ ಮೂರನೇ ಸ್ಟೇಜಿನ ಒಂದು ಅಡ್ಡರಸ್ತೆಯಲ್ಲಿ 30×40 ಅಳತೆಯ ಸೈಟೊಂದು ದಶಕಗಳಿಂದ ಖಾಲಿ ಬಿದ್ದಿದೆ. ಎದೆಮಟ್ಟದ ಕಾಂಗ್ರೆಸ್ ಗಿಡ, ನಡುವೆ ಯಾರೋ ಎಸೆದುಹೋದ ಒಡಕು ಕಮೋಡು, ಮುಂದೆ ತುಕ್ಕು ಹಿಡಿದ ಬೋರ್ಡು: ‘ಈ ನಿವೇಶನ ಮಾರಾಟಕ್ಕಿಲ್ಲ. ಅತಿಕ್ರಮ ಪ್ರವೇಶ ಮಾಡಿದವರನ್ನು ಶಿಕ್ಷಿಸಲಾಗುವುದು.’ ದೇಶದ ಆರ್ಥಿಕತೆಯನ್ನು ಸರ್ಕಾರ ಕೂತು ಯೋಜಿಸಬೇಕೋ, ಮಾರುಕಟ್ಟೆಗೆ ಬಿಟ್ಟುಬಿಡಬೇಕೋ ಎಂದು ಹೇಳುವ ಪ್ರೊಫೆಸರುಗಳು ಬೇಕಾದಷ್ಟು ಜನ ಇದ್ದಾರೆ. ಎರಡನ್ನೂ ಮೈಮೇಲೆ ಅನುಭವಿಸಿದ್ದು ಮಾತ್ರ ಈ ಸೈಟು. ಆದ್ದರಿಂದ ಅತಿಕ್ರಮ ಪ್ರವೇಶ ಮಾಡಿಯೇ ಮಾತಾಡಿಸಿದೆ. ಪಕ್ಕದ ಕಾರ್ನರ್ ಸೈಟು (ಈಗ ಕೆಳಗೆ ಬೇಕರಿ, ಮೇಲೆ ನಾಲ್ಕಂತಸ್ತು ಪಿಜಿ) ಕರೆಯದಿದ್ದರೂ ನಡುನಡುವೆ ಬಾಯಿ ಹಾಕಿತು.

ನಮಸ್ಕಾರ. ನಿಮ್ಮ ಹುಟ್ಟೂರು?

ಸೈಟು: ಇದೇ ಜಾಗ ಸ್ವಾಮಿ, ನಾನೆಲ್ಲಿಗೆ ಹೋಗಲಿ? ಹುಟ್ಟುವಾಗ ಸೈಟಾಗಿರಲಿಲ್ಲ ಅಷ್ಟೆ. ಕತ್ರಿಗುಪ್ಪೆಯ ಗೌಡರೊಬ್ಬರ ರಾಗಿ ಹೊಲ. ಒಂದು ದಿನ ಗೆಜೆಟ್ಟಿನಲ್ಲಿ ‘ಸಾರ್ವಜನಿಕ ಉದ್ದೇಶ’ ಅಂತ ಬಂತು. ಗೌಡರು ಗೆಜೆಟ್ ಓದುತ್ತಿರಲಿಲ್ಲ. ಸರ್ವೇಯರು ಚೈನು ಎಳೆದಾಗಲೇ ಅವರಿಗೆ ಗೊತ್ತಾಗಿದ್ದು. ಎಕರೆಗೆ ಇಷ್ಟು ಅಂತ ಸರ್ಕಾರ ಬರೆದದ್ದೇ ಬೆಲೆ. ಚೌಕಾಸಿ ಇಲ್ಲ, ಹರಾಜಿಲ್ಲ, ‘ಮಾರಾಟಕ್ಕಿಲ್ಲ’ ಅಂತ ಬೋರ್ಡು ಹಾಕೋ ಅವಕಾಶವೂ ಇಲ್ಲ. ಆಮೇಲೆ ಕಲ್ಲು ನೆಟ್ಟು, ಚರಂಡಿ ತೋಡಿ, ನನಗೊಂದು ನಂಬರು ಕೊಟ್ಟರು.

ಅಂದರೆ ನೀವು ಯೋಜನೆಯ ಕೂಸು.

ಸೈಟು: ನಮ್ಮ ವಂಶವೇ ಹಾಗೆ. 1898ರ ಪ್ಲೇಗಿನ ಹೊತ್ತಿನಲ್ಲಿ ಬಸವನಗುಡಿ, ಮಲ್ಲೇಶ್ವರದ ಹಿರಿಯರು ಹುಟ್ಟಿದರು. ಗಾಳಿ ಬೆಳಕು ಬೇಕು, ಅಗಲ ರಸ್ತೆ ಬೇಕು ಅಂತ ನಕ್ಷೆ ಬರೆದು ಹೆತ್ತ ಮಕ್ಕಳು. 1945ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಬಂತು. 1976ರಲ್ಲಿ ಅದೇ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದ್ರೆ ಬಿಡಿಎ ಆಯಿತು. ನಾನು ಬಿಡಿಎ ಕಾಲದವನು.

1945 ಅಂದಿರಾ? ಅದೇ ವರ್ಷ ಫ್ರೆಡ್ರಿಕ್ ಹಯೆಕ್ ಎಂಬ ಅರ್ಥಶಾಸ್ತ್ರಜ್ಞ ಒಂದು ಹೆಸರಾಂತ ಪ್ರಬಂಧ ಬರೆದ. ಎಲ್ಲಿ ಯಾರಿಗೆ ಏನು ಬೇಕು ಅನ್ನುವ ತಿಳಿವಳಿಕೆ ಚೂರುಚೂರಾಗಿ ಎಲ್ಲ ಜನರಲ್ಲೂ ಹಂಚಿಹೋಗಿರುತ್ತದೆ, ಯಾವ ಕೇಂದ್ರ ಕಚೇರಿಯೂ ಅದನ್ನು ಒಟ್ಟುಮಾಡಲಾರದು, ಆ ಸುದ್ದಿಯನ್ನು ಮುಟ್ಟಿಸುವುದು ಬೆಲೆಯೇ ಎಂಬುದು ಅವನ ವಾದ.

ಕಾರ್ನರ್: ಅದನ್ನೇ ನಮ್ಮ ಬ್ರೋಕರು ಅರ್ಧ ಕಾಫಿ ಕುಡಿಯೋದ್ರೊಳಗೆ ಹೇಳಿಬಿಡ್ತಾರೆ.

ಸೈಟು: ಹಯೆಕ್ ಅವರದು ದೊಡ್ಡ ಮಾತೇ. ಆದರೆ ಅವರು ಬೆಂಗಳೂರು ನೋಡಿರಲಿಲ್ಲ. ರಿಂಗ್ ರೋಡು ಎಲ್ಲಿ ಬರುತ್ತೆ ಅನ್ನೋ ತಿಳಿವಳಿಕೆ ಎಲ್ಲ ಜನರಲ್ಲಿ ಹಂಚಿಹೋಗಿರೋದಿಲ್ಲ ಸ್ವಾಮಿ. ನಕ್ಷೆ ಬರೆದವರಿಗೂ ಅವರ ಭಾವಮೈದುನರಿಗೂ ಮಾತ್ರ ಗೊತ್ತಿರುತ್ತೆ. ಬೆಲೆ ಸುದ್ದಿ ಮುಟ್ಟಿಸೋದು ನಿಜ, ಗೌಡರಿಗೆ ಎಲ್ಲರಿಗಿಂತ ಕೊನೆಗೆ.

ಯೋಜನೆಯ ಪರವಾಗಿ ವಾದಿಸಿದ ಹಿರಿಯರು ನಮ್ಮಲ್ಲೇ ಇದ್ದರಲ್ಲ?

ಸೈಟು: ಇಲ್ಲದೆ! ವಿಶ್ವೇಶ್ವರಯ್ಯನವರು ಭಾರತಕ್ಕೊಂದು ಯೋಜಿತ ಅರ್ಥವ್ಯವಸ್ಥೆ ಬೇಕು ಅಂತ ಪುಸ್ತಕ ಬರೆದದ್ದು 1934ರಲ್ಲಿ. ಮೊದಲ ಪಂಚವಾರ್ಷಿಕ ಯೋಜನೆ ಶುರುವಾಗಿದ್ದು 1951ಕ್ಕೆ. ನಮ್ಮವರು ಅಷ್ಟು ಮುಂದೆ. ಇನ್ನೊಂದು ಕಥೆ ಹೇಳ್ತೀನಿ. ಜಯನಗರಕ್ಕೆ 1948ರಲ್ಲಿ ಅಡಿಗಲ್ಲು ಹಾಕಿದವರು ಆಗಿನ ಗವರ್ನರ್ ಜನರಲ್ ರಾಜಾಜಿ. ಅಶೋಕ ಪಿಲ್ಲರ್ ನಿಂತಿರೋದು ಅದರ ನೆನಪಿಗೆ. ಸರ್ಕಾರವೇ ನಕ್ಷೆ ಬರೆದು, ಸರ್ಕಾರವೇ ಸೈಟು ಹಂಚಿದ ಅಂಥ ದೊಡ್ಡ ಬಡಾವಣೆಗೆ ಪೂಜೆ ಮಾಡಿಕೊಟ್ಟ ಅದೇ ರಾಜಾಜಿ 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿ, ಲೈಸೆನ್ಸ್-ಪರ್ಮಿಟ್ ರಾಜ್ಯ ತೊಲಗಲಿ ಅಂತ ದೇಶ ಸುತ್ತಿದರು.

ಕಾರ್ನರ್: ಜಯನಗರದ ಸೈಟುಗಳನ್ನ ಹತ್ತಿರದಿಂದ ನೋಡಿದ ಮೇಲೆ ಅನ್ನಿ.

ಸೈಟು: ಈ ಕಡೆ ಜೆ.ಪಿ. ನಗರ ನೋಡಿ. ಜಯಪ್ರಕಾಶ ನಾರಾಯಣರು ಸಮಾಜವಾದಿ, ಭೂದಾನಕ್ಕೆ ಜೀವನವನ್ನೇ ಕೊಟ್ಟವರು. ಅವರ ಹೆಸರಿನ ಬಡಾವಣೆಯಲ್ಲಿ ಈಗ ಯಾರಾದರೂ ಒಂದು ಚದರಡಿ ದಾನ ಕೊಡ್ತಾರಾ ಕೇಳಿ ಬನ್ನಿ.

ನಿಮ್ಮ ಯಜಮಾನರಿಗೆ ನೀವು ಸಿಕ್ಕಿದ್ದು ಹೇಗೆ?

ಸೈಟು: ಕ್ಯೂ ನಿಂತು. ಅರ್ಜಿ ಹಾಕಬೇಕು, ಸಿಗದಿದ್ದರೆ ಮತ್ತೆ ಹಾಕಬೇಕು. ಎಷ್ಟು ಸಲ ಸೋತಿದ್ದೀರಿ ಅನ್ನೋದೇ ಅರ್ಹತೆ. ಜಗತ್ತಿನಲ್ಲಿ ಸೋಲಿಗೆ ಸೀನಿಯಾರಿಟಿ ಕೊಡೋ ಪರೀಕ್ಷೆ ಇದೊಂದೇ ಇರಬೇಕು. ಜೊತೆಗೆ ಅಫಿಡವಿಟ್ಟು: ‘ನನ್ನ ಹೆಸರಲ್ಲಾಗಲಿ, ಹೆಂಡತಿ ಮಕ್ಕಳ ಹೆಸರಲ್ಲಾಗಲಿ ಬೆಂಗಳೂರಿನಲ್ಲಿ ಮನೆ, ಸೈಟು ಇರುವುದಿಲ್ಲ.’ ನಮ್ಮ ಯಜಮಾನರು ಬ್ಯಾಂಕ್ ಆಫೀಸರು. ಜಯನಗರದ ಮನೆ ಆಗ ತಾಯಿಯ ಹೆಸರಲ್ಲಿತ್ತು, ಅಫಿಡವಿಟ್ಟಿನಲ್ಲಿ ತಾಯಿಯ ಮಾತೇ ಇಲ್ಲ. ಒಂದು ವರ್ಷದ ಸಂಬಳದಷ್ಟು ದುಡ್ಡಿಗೆ ನಾನು ಅವರವನಾದೆ. ಹತ್ತು ವರ್ಷ ಲೀಸ್-ಕಮ್-ಸೇಲ್. ಅಷ್ಟರಲ್ಲಿ ಮನೆ ಕಟ್ಟಬೇಕು, ಮಾರಬಾರದು.

ಕಟ್ಟಲಿಲ್ಲವಲ್ಲ?

ಸೈಟು: ಒಂದು ಶೀಟ್ ಕೋಣೆ ಕಟ್ಟಿ ವಾಚ್‌ಮನ್ ಇಟ್ಟರು. ಅದು ಬಿದ್ದುಹೋಯಿತು. ದಂಡ ಕಟ್ಟಿ ಕ್ರಯಪತ್ರ ಮಾಡಿಸಿಕೊಂಡರು. ದಂಡ ಎಷ್ಟು ಅಂತೀರಾ, ಆ ಹತ್ತು ವರ್ಷದಲ್ಲಿ ನನ್ನ ಬೆಲೆ ಏರಿದ್ದರ ಮುಂದೆ ಅದು ದೇವಸ್ಥಾನದ ತಟ್ಟೆಗೆ ಹಾಕೋ ಚಿಲ್ಲರೆ.

ಕಾರ್ನರ್: ಇವರಾದರೂ ಕಾದರು. ಈ ರಸ್ತೆಯಲ್ಲೇ ಎಷ್ಟೋ ಸೈಟುಗಳು ಹತ್ತು ವರ್ಷ ತುಂಬೋ ಮೊದಲೇ ಜನರಲ್ ಪವರ್ ಆಫ್ ಅಟಾರ್ನಿ (ಜಿಪಿಎ) ಮೇಲೆ ಕೈ ಬದಲಾದವು. ಜಿಪಿಎ ಕ್ರಯ ಕ್ರಯವೇ ಅಲ್ಲ ಅಂತ ಸುಪ್ರೀಂ ಕೋರ್ಟು 2011ರಲ್ಲಿ ಹೇಳಿದ ದಿನ ಇಲ್ಲಿ ಎಷ್ಟು ಮನೆಯಲ್ಲಿ ಬಿ.ಪಿ. ಏರಿತೋ!

ಯಜಮಾನರ ಆರ್ಥಿಕ ಸಿದ್ಧಾಂತ ಯಾವುದು?

ಸೈಟು: ಯಾವ ವರ್ಷದ್ದು ಬೇಕು? 1969ರಲ್ಲಿ ಬ್ಯಾಂಕ್ ರಾಷ್ಟ್ರೀಕರಣ ಆದಾಗ ಯೂನಿಯನ್ ಆಫೀಸಿನಲ್ಲಿ ಪೇಡ ಹಂಚಿದವರು. ಸೈಟಿಗೆ ಅರ್ಜಿ ಹಾಕೋವಾಗ ಭೂಮಿ ಅನ್ನೋದು ಸಮಾಜದ ಆಸ್ತಿ, ಖಾಸಗಿ ಲೇಔಟಿನವರು ಲೂಟಿಕೋರರು ಅಂತಿದ್ದರು. 1991ರ ಉದಾರೀಕರಣ ಆದಮೇಲೆ ನಿಧಾನಕ್ಕೆ ಕಣ್ಣು ತೆರೆಯಿತು. ಈಗ ಊರಲ್ಲಿದ್ದಾಗಲೆಲ್ಲ ಬೆಳಿಗ್ಗೆ ಯಡಿಯೂರು ಕೆರೆ ಸುತ್ತ ವಾಕಿಂಗ್ ಮಾಡ್ತಾ, ಸರ್ಕಾರಕ್ಕೆ ವ್ಯಾಪಾರದಲ್ಲಿ ಏನು ಕೆಲಸ, ಬೆಲೆ ಕಟ್ಟೋದು ಮಾರುಕಟ್ಟೆ ಅಂತಾರೆ. ಸೈಟು ಕೊಳ್ಳುವಾಗ ನೆಹರೂ, ಮಾರುವಾಗ ರಾಜಾಜಿ. ನಡುವೆ ಒಂದು ಗಳಿಗೆ ನೆಹರೂ ಮತ್ತೆ ಬರ್ತಾರೆ: ಇಲ್ಲೇ ಕಾರ್ನರಲ್ಲಿ ಪಿಜಿ ಶುರುವಾದಾಗ, ಇದು ರೆಸಿಡೆನ್ಷಿಯಲ್ ಏರಿಯಾ, ಇಲ್ಲಿ ವ್ಯಾಪಾರ ಮಾಡೋ ಹಾಗಿಲ್ಲ ಅಂತ ಮೂರು ಕಡೆ ದೂರು ಬರೆದರು. ಜಯನಗರದ ಅವರ ಮನೆಯ ಕೆಳಗಿನ ಅಂತಸ್ತನ್ನು ರೆಡಿಮೇಡ್ ಬಟ್ಟೆ ಅಂಗಡಿಗೆ ಬಾಡಿಗೆ ಕೊಟ್ಟಿದ್ದಾರೆ.

(ಕಾರ್ನರಿಗೆ) ನೀವು ಮಾರುಕಟ್ಟೆಯ ಪರ ಅಂತ ಕಾಣುತ್ತೆ.

ಕಾರ್ನರ್: ನನ್ನನ್ನ ಯಾರೂ ಹಂಚಲಿಲ್ಲ ಸಾರ್, ಹರಾಜಿನಲ್ಲಿ ಗೆದ್ದುಕೊಂಡರು. ಬಿಡಿಎ ನಿಯಮವೇ ಹಾಗೆ. ಒಳಗಿನ ಸೈಟಿಗೆ ನಿಗದಿ ಬೆಲೆ, ಮೂಲೆ ಸೈಟಿಗೆ ಹರಾಜು. 1984ರಲ್ಲಿ ಎರಡಕ್ಕೂ ಬೇರೆಬೇರೆ ರೂಲ್ಸ್ ಬರೆದರು. ಅಂದ್ರೆ ಸಮಾಜವಾದ ಒಂದು ಮನೆ ದಾಟೋ ಹೊತ್ತಿಗೆ ಬಂಡವಾಳಶಾಹಿ ಶುರು. ನಂದು ನೇರ ವ್ಯವಹಾರ. ಜಾಸ್ತಿ ಕೊಟ್ಟವರಿಗೆ ನಾನು. ಕೊಟ್ಟವರು ಸುಮ್ಮನೆ ಕೂರಲಿಲ್ಲ. ನೋಡಿ, ಮೇಲೆ ಹುಡುಗರು ಮಲಗ್ತಾರೆ, ಕೆಳಗೆ ಬನ್ನು ಬೇಯುತ್ತೆ. ಇಷ್ಟೊಂದು ಹುಡುಗರು ಹುಬ್ಬಳ್ಳಿಯಿಂದ, ಗುಂಟೂರಿನಿಂದ ಕಂಪ್ಯೂಟರ್ ಕೆಲಸಕ್ಕೆ ಬರ್ತಾರೆ, ಅವರಿಗೆ ಮಂಚ ಬೇಕು ಅಂತ ಯಾವ ಮಾಸ್ಟರ್ ಪ್ಲಾನಲ್ಲಿ ಬರೆದಿತ್ತು? ಬಿಟಿಎಂ ಲೇಔಟ್ ಸುತ್ತಿ ಬನ್ನಿ. ಬೈರಸಂದ್ರ, ತಾವರೆಕೆರೆ, ಮಡಿವಾಳ ಅಂತ ಮೂರು ಹಳ್ಳಿ ಸೇರಿಸಿ ಹೆಸರಿಟ್ಟರು. ಆ ಮಕ್ಕಳಿಗೆ ಸೂರು ಕೊಟ್ಟಿದ್ದು ಪಿಜಿ ಮಾಲೀಕರು.

ಸೈಟು: ನಿಜ. ಅದೇ ಬಿಟಿಎಂನ ಎಷ್ಟೋ ಗಲ್ಲಿಗೆ ಫೈರ್ ಇಂಜಿನ್ ತಿರುಗೋದಿಲ್ಲ ಅನ್ನೋದನ್ನೂ ಸೇರಿಸು.

ಕಾರ್ನರ್: ಅದು ಪ್ಲಾನಿನ ತಪ್ಪು.

ಸೈಟು: ಪ್ಲಾನಿನಲ್ಲಿ ಐದಂತಸ್ತು ಇರಲಿಲ್ಲಪ್ಪ. ಮೂರು ಹೆಚ್ಚುವರಿ ಅಂತಸ್ತು ನಿನ್ನ ಹಯೆಕ್ ಕಟ್ಟಿದ್ದು.

ಈ ಹೆಚ್ಚುವರಿ ಅಂತಸ್ತುಗಳನ್ನು ಸಕ್ರಮ ಮಾಡುವ ಯೋಚನೆ ಇತ್ತಲ್ಲ?

ಸೈಟು: ಅಕ್ರಮ-ಸಕ್ರಮ. ಯೋಜನೆ ಮುರಿದದ್ದಕ್ಕೆ ಯೋಜನೆಯವರೇ ದರಪಟ್ಟಿ ಪ್ರಕಟಿಸಿದರು. ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ತಡೆ ಹಾಕಿತು. ಇನ್ನು ಯೋಜನೆ ಅಂದ್ರೆ ಯಾವುದು? 2007ರಲ್ಲಿ ಒಪ್ಪಿಗೆ ಸಿಕ್ಕ ಮಾಸ್ಟರ್ ಪ್ಲಾನಿನ ಗುರಿ 2015. ಮುಂದಿನದರ ಕರಡು, 2031ರದ್ದು, 2017ರಲ್ಲಿ ಹೊರಬಂತು, ಗದ್ದಲವಾಯಿತು, ಸರ್ಕಾರ ವಾಪಸ್ ತಗೊಂಡಿತು. ದಿಲ್ಲಿಯಲ್ಲಿ ಯೋಜನಾ ಆಯೋಗ ಹೋಗಿ ನೀತಿ ಆಯೋಗ ಬಂದಿದ್ದೂ 2015ರ ಜನವರಿಗೇ. ನಮ್ಮೂರಿನ ಯೋಜನೆಯೂ ಅಲ್ಲೇ ನಿಂತಿದೆ, ದಿಲ್ಲಿಗೆ ಜೊತೆ ಕೊಡೋಕೆ ಇರಬಹುದು.

ಹಾಗಾದರೆ ಎಲ್ಲವನ್ನೂ ಮಾರುಕಟ್ಟೆಗೇ ಬಿಟ್ಟರೆ?

ಸೈಟು: ಬಿಟ್ಟ ಕಡೆ ಏನಾಗಿದೆ ನೋಡಿ ಬನ್ನಿ ಸ್ವಾಮಿ. ಹೊಲ ಹೊಲವಾಗಿಯೇ ಇರುತ್ತೆ, ಕಾಗದದಲ್ಲಿ ಭೂಪರಿವರ್ತನೆ ಆಗಿರೋದಿಲ್ಲ, ಸುಣ್ಣದ ಗೆರೆ ಎಳೆದು ರೆವಿನ್ಯೂ ಸೈಟು ಅಂತ ಮಾರ್ತಾರೆ. ಪಾರ್ಕು ಬ್ರೋಶರಿನಲ್ಲಿ. ಮನೆ ಕಟ್ಟಿದ ಮೇಲೆ ಚರಂಡಿ ಎಲ್ಲಿ ಅಂತ ಹುಡುಕ್ತಾರೆ. ಬಿ ಖಾತಾ ಕೈಯಲ್ಲಿ ಹಿಡ್ಕೊಂಡು, ಇಷ್ಟು ದಿನ ಬೈದ ಸರ್ಕಾರದ ಹತ್ತಿರವೇ ಕಾವೇರಿ ನೀರು ಕೇಳ್ತಾರೆ. ಜಯನಗರದ ರಸ್ತೆಗಳಲ್ಲಿ ಮರದ ನೆರಳಲ್ಲಿ ನಡೀತೀರಲ್ಲ, ಆ ಅಗಲ ಯಾವ ಹರಾಜಿನಿಂದಲೂ ಬಂದಿದ್ದಲ್ಲ. ಯಾರೋ ಇಂಜಿನಿಯರು ಪೆನ್ಸಿಲಿನಿಂದ ಗೆರೆ ಹಾಕಿ, ಇಲ್ಲಿ ಯಾರೂ ಕಟ್ಟಬಾರದು ಅಂದ. ಅದು ಯೋಜನೆ ಮಾಡಿದ ಒಳ್ಳೇ ಕೆಲಸ, ಅದನ್ನ ನಾನು ಬಿಟ್ಟುಕೊಡಲ್ಲ.

ಹಂಚಿಕೆಯನ್ನೂ ಬಿಟ್ಟುಕೊಡಲ್ಲವೇ?

ಸೈಟು: (ಸ್ವಲ್ಪ ಹೊತ್ತು ಸುಮ್ಮನಿದ್ದು) ಅಲ್ಲಿ ತಲೆ ತಗ್ಗಿಸ್ತೀನಿ. ‘ಜಿ ಕೆಟಗರಿ’ ಅಂತ ಒಂದಿತ್ತು. ಬಿಡಿ ಸೈಟುಗಳನ್ನ ಮುಖ್ಯಮಂತ್ರಿಗಳ ವಿವೇಚನೆಯಂತೆ ಕೊಡೋದು. ಹೈಕೋರ್ಟು ಚಾಟಿ ಬೀಸುವವರೆಗೆ ಆ ವಿವೇಚನೆ ಶಾಸಕರು, ಸಂಸದರ ಮನೆ ಬಾಗಿಲಿಗೇ ದಾರಿ ಹಿಡೀತಿತ್ತು. ಕ್ಯೂನಲ್ಲಿ ಐದು ಸಲ ಸೋತ ಮೇಷ್ಟ್ರು ಹೊರಗೇ ನಿಂತರು.

ಕಾರ್ನರ್: ಅದಕ್ಕೇ ಹರಾಜು ಅನ್ನೋದು.

ಸೈಟು: ಹರಾಜಿನಲ್ಲಿ ಮೇಷ್ಟ್ರಿಗೆ ಬಾಗಿಲೇ ಇರಲಿಲ್ಲವಲ್ಲ.

ನನಗೆ ಅರ್ಥವಾಗದ್ದು ಒಂದೇ. ಯೋಜನೆಯ ಪ್ರಕಾರ ನಿಮ್ಮ ಮೇಲೆ ಎಂದೋ ಮನೆ ಬರಬೇಕಿತ್ತು. ಮಾರುಕಟ್ಟೆಯ ಪ್ರಕಾರ ಇಷ್ಟು ಬೇಡಿಕೆ ಇರುವ ಜಾಗ ಖಾಲಿ ಇರಲೇಬಾರದು. ನೀವು ಖಾಲಿ ಯಾಕೆ ಇದ್ದೀರಿ?

ಸೈಟು: ಈಗ ಬಂದ್ರಿ ದಾರಿಗೆ. ನಾನು ಮನೆಯಾದರೆ ಸಿಮೆಂಟಿಗೆ ದುಡ್ಡು, ಬಾಡಿಗೆದಾರರ ಕಾಟ, ನಲ್ಲಿ ರಿಪೇರಿ. ಖಾಲಿ ಇದ್ದರೆ ಏನೂ ಮಾಡದೆ ಬೆಲೆ ಏರುತ್ತೆ. ಏರಿಸೋರು ಯಾರು? ರಿಂಗ್ ರೋಡು ಹಾಕಿದ ಸರ್ಕಾರ, ಮೆಟ್ರೊ ತಂದ ಸರ್ಕಾರ, ಕಾರ್ನರಲ್ಲಿ ಬೇಕರಿ ಇಟ್ಟ ಹಾಸನದವರು, ಪಿಜಿಯಲ್ಲಿ ಬೆವರುವ ಹುಡುಗರು. ಇಷ್ಟು ಜನ ದುಡೀತಾರೆ, ಲಾಭ ನನ್ನ ಕಾಂಗ್ರೆಸ್ ಗಿಡದ ಬುಡಕ್ಕೆ ಬಂದು ಬೀಳುತ್ತೆ. ಯೋಜನೆಯವರು ಗೌಡರಿಂದ ಅಗ್ಗದಲ್ಲಿ ಕಿತ್ತುಕೊಟ್ಟರು, ಮಾರುಕಟ್ಟೆಯವರು ದುಬಾರಿ ಮಾಡಿಕೊಟ್ಟರು. ಯಜಮಾನರು ಎರಡೂ ಕಡೆಯವರಿಗೆ ನಮಸ್ಕಾರ ಹಾಕಿ ಮಗನ ಮನೆಗೆ ನ್ಯೂಜೆರ್ಸಿಗೆ ಹೋಗಿದ್ದಾರೆ.

ಗೌಡರ ಮನೆಯವರು?

ಸೈಟು: ಮೊಮ್ಮಗ ಇದ್ದಾನೆ. ಕಾರ್ನರ್ ಪಿಜಿಯಲ್ಲಿ ಸೆಕ್ಯುರಿಟಿ. ರಾತ್ರಿ ಪಾಳಿಯಲ್ಲಿ ಒಂದೊಂದು ಸಲ ನನ್ನ ಕಾಂಪೌಂಡಿನ ಮೇಲೆ ಕೂತು ಬೀಡಿ ಸೇದುತ್ತಾನೆ. ಬೋರ್ಡಿನ ಪ್ರಕಾರ ಅತಿಕ್ರಮ ಪ್ರವೇಶ.

ನಿಮ್ಮ ನಿಜವಾದ ಬೆಲೆ ಎಷ್ಟು?

ಕಾರ್ನರ್: ಸರ್ಕಾರ ಹೇಳಿದ್ದಾ, ಜನ ಕೊಡೋದಾ? ಮಾರ್ಗಸೂಚಿ ಬೆಲೆ ಅಂತ ಒಂದಿದೆ, ರಿಜಿಸ್ಟ್ರೇಷನ್‌ಗೆ. ಪತ್ರದಲ್ಲಿ ಅದು, ಬ್ಯಾಗಿನಲ್ಲಿ ಉಳಿದದ್ದು. ಬ್ಯಾಂಕಿನ ದುಡ್ಡು ಯೋಜಿತ, ಬ್ಯಾಗಿನ ದುಡ್ಡು ಮುಕ್ತ. ಮಿಶ್ರ ಅರ್ಥವ್ಯವಸ್ಥೆ ಅಂತ ಸ್ಕೂಲಲ್ಲಿ ಓದಿಲ್ವಾ ಸಾರ್?

ಅಷ್ಟರಲ್ಲಿ ಬಿಳಿ ಇನ್ನೋವಾ ಬಂದು ನಿಂತಿತು. ಇಳಿದವರು ಟೇಪು ಹಿಡಿದು ಸೈಟಿನ ಮುಂಭಾಗ ಅಳೆಯತೊಡಗಿದರು. ‘ಸುಮ್ಮನಿರಿ, ಬ್ರೋಕರು’ ಎಂದು ಸೈಟು ಪಿಸುಗುಟ್ಟಿತು. ಗಿಡದ ನಡುವೆ ನನ್ನನ್ನು ಕಂಡು ಆತ ಬೆಚ್ಚಿ, ಆಮೇಲೆ ಮುಖ ಅರಳಿಸಿ ಕೇಳಿದರು:

“ಪಾರ್ಟಿನಾ ಸಾರ್? ಈಸ್ಟ್ ಫೇಸಿಂಗ್, ಬಿಡಿಎ ಅಲಾಟೆಡ್, ಎ ಖಾತಾ, ಕ್ಲಿಯರ್ ಟೈಟಲ್.”

“ಮಾರಾಟಕ್ಕಿಲ್ಲ ಅಂತ ಬೋರ್ಡಿದೆಯಲ್ಲ?”

“ರೇಟು ಫಿಕ್ಸ್ ಆಗೋವರೆಗೆ ಅದು ಇರ್ಬೇಕು ಸಾರ್. ತಾವು ಏನು ಕೆಲಸ?”

“ಪತ್ರಿಕೆಗೆ ಬರೀತೀನಿ.”

“ಓ, ಪ್ರೆಸ್ಸಾ!” ಎಂದು ಕಾರ್ಡು ಕೈಗಿಟ್ಟರು. “ಕೋಟಾದಲ್ಲಿ ತಮಗೂ ಒಂದು ಸೈಟು ಆಗಿರಬೇಕಲ್ಲ? ಹೇಳಿ ಸಾರ್, ಒಳ್ಳೇ ರೇಟಿಗೆ ಹೊಡೆದುಕೊಡ್ತೀನಿ.”