ಚುಕ್ಕಿಗೆ ಹೆಸರಿಡುವವರು ಯಾರು?

ಪರದೆಯ ಮೇಲೆ ಮೂವತ್ತು ಚುಕ್ಕಿ. ಎಲ್ಲವೂ ನೀಲಿ. 2011ರಲ್ಲಿದ್ದ ನಮ್ಮ ಮೂವತ್ತು ಜಿಲ್ಲೆಗಳಂತೆ. ಅಡ್ಡಗೆರೆಯಲ್ಲಿ ಸಾಕ್ಷರತೆ, ಉದ್ದಗೆರೆಯಲ್ಲಿ ಸಾವಿರ ಗಂಡಸರಿಗೆ ಎಷ್ಟು ಹೆಂಗಸರು ಎಂಬ ಲೆಕ್ಕ. ಅಂಕಿ 2011ರ ಜನಗಣತಿಯದು. ಹೊಸದು ಎಲ್ಲಿ ಎಂದು ಕೇಳಬೇಡಿ. 2021ರ ಗಣತಿ 2021ರಲ್ಲಿ ನಡೆಯಲೇ ಇಲ್ಲ.

"ನೋಡಿ, ಎಡಗಡೆ ಒಂದು ಜಿಲ್ಲೆ ಒಂಟಿಯಾಗಿ ನಿಂತಿದೆ. ಬಹಳ ಕಳವಳದ ವಿಷಯ," ಎಂದು ಸಾಹೇಬರು ಕೆಂಪು ಲೇಸರ್ ಬಿಟ್ಟರು.

ಯಾವ ಜಿಲ್ಲೆ ಸಾರ್?

"ಅದು... ಶೀಟಿನಲ್ಲಿದೆ."

ಕಳವಳ ಇದೆ. ಯಾರ ಬಗ್ಗೆ ಎಂಬುದು ಶೀಟಿನಲ್ಲಿದೆ.

ಇದಕ್ಕೆ ಸಾಹೇಬರೊಬ್ಬರನ್ನೇ ಬೈಯಬೇಕಿಲ್ಲ. ಪವರ್‌ಪಾಯಿಂಟ್‌ನಲ್ಲಿ ಸ್ಕ್ಯಾಟರ್ ಚಾರ್ಟ್ ಹಾಕಿ ನೋಡಿ. ಪುಟ್ಟ ಶೀಟೊಂದು ತೆರೆಯುತ್ತದೆ. ಎಕ್ಸ್‌ಗೆ ಒಂದು ಕಾಲಂ, ವೈಗೆ ಒಂದು ಕಾಲಂ. ಹೆಸರಿಗೆ? ಇಲ್ಲ. ಲೇಬಲ್ ಹಾಕು ಎಂದರೆ ವೈ ಸಂಖ್ಯೆಯನ್ನೇ ತಂದು ಚುಕ್ಕಿಯ ಪಕ್ಕ ಅಂಟಿಸುತ್ತದೆ. ಹೆಸರೇನಪ್ಪ ಎಂದು ಕೇಳಿದರೆ "ಐದಡಿ ಆರಂಗುಲ" ಎಂದಂತೆ.

ಈ ತಂತ್ರಾಂಶ ಮಾರುಕಟ್ಟೆಗೆ ಬಂದದ್ದು 1987ರಲ್ಲಿ. ಅದೇ ವರ್ಷ ಮೈಕ್ರೋಸಾಫ್ಟ್ 1.4 ಕೋಟಿ ಡಾಲರ್ ಕೊಟ್ಟು ಅದನ್ನು ಕೊಂಡಿತು. ಮುಂದೆ ಅಕ್ಷರಗಳು ಹಾರಿ ಬರುವುದನ್ನು ಕಲಿತವು. ಸ್ಲೈಡ್‌ಗಳು ಪರದೆಯಂತೆ ಸರಿಯುವುದನ್ನು ಕಲಿತವು. ಶೀಟಿನ ಸೆಲ್‌ಗಳಲ್ಲಿ ಬರೆದ ಹೆಸರನ್ನು ಚುಕ್ಕಿಗೆ ಅಂಟಿಸುವ ಸೌಲಭ್ಯ ಬರಲು 2013ರ ಆವೃತ್ತಿಯವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ಎಕ್ಸೆಲ್‌ನವರ ಮಾನ ಉಳಿಸಿದ್ದು ರಾಬ್ ಬೋವಿ ಎಂಬವರು ಬರೆದು ಪುಕ್ಕಟೆ ಹಂಚಿದ ಎಕ್ಸ್‌ವೈ ಚಾರ್ಟ್ ಲೇಬಲರ್. ಕಂಪನಿಯ ಕೆಲಸವನ್ನು ಪುಣ್ಯಾತ್ಮನೊಬ್ಬ ಮಾಡಿಕೊಟ್ಟ.

ಈಗಲಾದರೂ ಸೌಲಭ್ಯ ಇದೆಯಲ್ಲ? ಇದೆ. ಆದರೆ ಹೊಸ ಆವೃತ್ತಿಯಲ್ಲಿ ಮಾಡಿದ ಫೈಲನ್ನು ಹಳೆಯ ಕಂಪ್ಯೂಟರ್‌ನಲ್ಲಿ ತೆರೆಯಿರಿ. ಪ್ರತಿ ಚುಕ್ಕಿಯ ಪಕ್ಕದಲ್ಲೂ "ಸೆಲ್‌ರೇಂಜ್", "ಸೆಲ್‌ರೇಂಜ್". ಮೂವತ್ತು ಜಿಲ್ಲೆಗೂ ಒಂದೇ ಹೆಸರು. ಸಮಾನತೆ ಎಂದರೆ ಇದು.

ಇದು ಬೇಡ ಎಂದು ನಮ್ಮವರು ಕೈಯಲ್ಲೇ ಟೈಪ್ ಮಾಡುತ್ತಾರೆ. ಹಾಗೆ ಬರೆದ ಹೆಸರು ಜಿಲ್ಲೆಗೆ ಅಂಟುವುದಿಲ್ಲ, ಸಾಲಿನ ಕ್ರಮಕ್ಕೆ ಅಂಟುತ್ತದೆ. ಯಾರೋ ಶೀಟನ್ನು ಸಾರ್ಟ್ ಮಾಡಿದರೆ ಚುಕ್ಕಿ ಬದಲು, ಹೆಸರು ಅಲ್ಲೇ. ಸುಮಾರು ಶೇ 52 ಸಾಕ್ಷರತೆಯ ಯಾದಗಿರಿಗೆ ಒಂದೇ ಕ್ಲಿಕ್ಕಿನಲ್ಲಿ ಉಡುಪಿಯ ಶೇ 86. ಎಷ್ಟು ಸರ್ಕಾರ ಬಂದು ಹೋದರೂ ಆಗದ ಕೆಲಸ.

ಹೆಸರು ಸರಿಯಾಗಿ ಬಿದ್ದರೂ ಜಾಗ ಬೇಕಲ್ಲ. ಎಡ, ಬಲ, ಮೇಲೆ, ಕೆಳಗೆ, ನಡುವೆ ಎಂದಷ್ಟೇ ಹೇಳಬಹುದು. ಒಂದರ ಮೇಲೊಂದು ಬೀಳದಂತೆ ನೋಡಿಕೊಳ್ಳುವ ಜವಾಬ್ದಾರಿ ಯಂತ್ರದ್ದಲ್ಲ. ಬೆಳಗಾವಿಯ ಮೇಲೆ ಚಿತ್ರದುರ್ಗ ಮಲಗುತ್ತದೆ. ಯಾರೋ ಹುಡುಗ ರಾತ್ರಿ ಹನ್ನೊಂದರವರೆಗೆ ಕೂತು ಮೌಸಿನಲ್ಲಿ ಒಂದೊಂದನ್ನೇ ಎಳೆದು ಬಿಡಿಸುತ್ತಾನೆ.

ಬಿಡಿಸಿದ ಮೇಲೆ ನೋಡಿ, ಚಾರ್ಟ್ ಬಾಯಿ ಬಿಡುತ್ತದೆ. ಎಲ್ಲರಿಗಿಂತ ಮೇಲೆ ಕೂತದ್ದು ಉಡುಪಿ, 1094. ಗಂಡಸರು ಮುಂಬೈ, ಗಲ್ಫ್ ಸೇರಿದ ಊರು. ಬಲತುದಿಯ ಹತ್ತಿರ, ಎಲ್ಲರಿಗಿಂತ ಕೆಳಗೆ ಬಿದ್ದದ್ದು ಬೆಂಗಳೂರು ನಗರ, 916. ಓದು ಶೇ 88ರ ಹತ್ತಿರ. ಆ 916ರಲ್ಲಿ ಕೆಲಸ ಹುಡುಕಿ ಬಂದ ಗಂಡಸರದೂ ಪಾಲಿದೆ, ಒಪ್ಪೋಣ. ಓದು ಹೆಚ್ಚಿದರೆ ಎಲ್ಲ ಸರಿಹೋಗುತ್ತದೆ ಎಂದು ಭಾಷಣ ಬಿಗಿಯುವವರು ಈ ಎರಡು ಚುಕ್ಕಿಗಳನ್ನು ಅಕ್ಕಪಕ್ಕ ನೋಡಲಿ. ಸಾಕ್ಷರತೆ ಹೆಚ್ಚುಕಮ್ಮಿ ಒಂದೇ. ನಡುವೆ 178ರ ಅಂತರ. ಹೆಸರಿಲ್ಲದಿದ್ದರೆ ಇವು ಎರಡು ನೀಲಿ ಚುಕ್ಕಿ ಅಷ್ಟೆ. ಯಾರಿಗೂ ಮುಜುಗರವಿಲ್ಲ.

ಬೆಳಿಗ್ಗೆ ಸಾಹೇಬರು ಹೆಸರು ತುಂಬಿದ ಚಾರ್ಟ್ ನೋಡಿದರು. ನಮ್ಮದು ದತ್ತಾಂಶ ಆಧಾರಿತ ಆಡಳಿತ ಎಂದು ಮೊದಲ ಸ್ಲೈಡಿನಲ್ಲೇ ಬರೆಸಿದ್ದ ಸಾಹೇಬರು.

"ಬಹಳ ಗಿಜಿಗಿಜಿ ಕಾಣುತ್ತಪ್ಪ. ಹೆಸರೆಲ್ಲ ತೆಗೆದುಬಿಡು. ಸುಮ್ಮನೆ ಯಾರಿಗಾದರೂ ಬೇಜಾರಾದೀತು. ಜಾಗ ಉಳಿಯುತ್ತಲ್ಲ, ಅಲ್ಲಿ ನಮ್ಮ ಲೋಗೋ ಸ್ವಲ್ಪ ದೊಡ್ಡದು ಮಾಡು."

ಹುಡುಗ ಲೋಗೋ ಎಳೆದ. ಅದು ಬೆಂಗಳೂರಿನ ಮೇಲೆ ಸರಿಯಾಗಿ ಕೂತಿತು.